ನಾಣ್ಯದ ಬೆಲೆಯೂ ಗಡಿಯಾಚೆಯ ಸಂತೆಯೂ

ಎರಡು ಕಾಸು ಉಳಿಯುತ್ತದೆ ಎಂದರೆ ಎರಡು ಮೈಲಿ ನಡೆಯಲು ಹಿಂಜರಿಯದ ಜನ ನಾವು. ಬೀದಿಯ ತುದಿಯ ಅಂಗಡಿಯಲ್ಲಿ ಬೆಲ್ಲಕ್ಕೆ ಒಂದು ಬೆಲೆ, ಸಂತೆಯಲ್ಲಿ ಇನ್ನೊಂದು ಬೆಲೆ ಎಂದು ತಿಳಿದ ಮೇಲೆ ಮನೆಯ ಯಜಮಾನಿ ಸಂತೆಯ ದಿನಕ್ಕೆ ಕಾಯುತ್ತಾಳೆ. ಇದು ಜಿಪುಣತನವಲ್ಲ, ಸಂಸಾರಧರ್ಮ. ಈ ಧರ್ಮವನ್ನು ನಮ್ಮ ದೇಶದವರಷ್ಟೇ ಅಲ್ಲ, ಸಿರಿವಂತ ದೇಶದವರೂ ಪಾಲಿಸುತ್ತಾರೆ. ಅವರಲ್ಲಿ ಕೆಲವರ ಸಂತೆ ಪರದೇಶದಲ್ಲಿರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳ ಆರಂಭವಾಗುತ್ತದೆ. ಪೆಟ್ರೋಲಿನ ಮೇಲೆ ಎರಡು ರಾಜ್ಯಗಳು ಹಾಕುವ ತೆರಿಗೆ ಬೇರೆ. ಆದುದರಿಂದ ಬೆಲೆಯೂ ಬೇರೆ. ಎಲ್ಲಿ ಅಗ್ಗವೋ ಅಲ್ಲಿ ತುಂಬಿಸಿಕೊಂಡರೆ ಲೆಕ್ಕ ಮುಗಿಯಿತು. ಏಕೆಂದರೆ ಗಡಿಯ ಎರಡು ಕಡೆಯೂ ನಡೆಯುವುದು ಒಂದೇ ರೂಪಾಯಿ. ಗಡಿ ಎರಡು ದೇಶಗಳ ನಡುವೆ ಇದ್ದರೆ ಮಾತು ಬೇರೆ. ಅಲ್ಲಿ ಸಾಮಾನಿನ ಬೆಲೆ ಮಾತ್ರವಲ್ಲ, ಬೆಲೆಯನ್ನು ಅಳೆಯುವ ಅಳತೆಗೋಲೇ ಬೇರೆ. ಆ ಅಳತೆಗೋಲು ಇಂದು ಉದ್ದವಾಗಿ ನಾಳೆ ಗಿಡ್ಡವಾದರೆ ಸಂತೆಗೆ ಹೋದವರ ಉಳಿತಾಯ ಏನಾಗುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಯೂರೋಪಿನ ಒಂದು ಸರೋವರದ ದಂಡೆಯಲ್ಲಿ ಸಿಕ್ಕುತ್ತದೆ.

ಆ ಸರೋವರದ ಹೆಸರು ಬೋಡನ್. ಅದರ ದಂಡೆಯಲ್ಲಿ ಜರ್ಮನಿಗೆ ಸೇರಿದ ಕೊನ್‌ಸ್ಟಾಂಟ್ಸ್ ಎಂಬ ಹಳೆಯ ಪಟ್ಟಣವಿದೆ. ಅದಕ್ಕೆ ಮೈತಾಗಿಕೊಂಡೇ ಸ್ವಿಟ್ಜರ್ಲೆಂಡಿಗೆ ಸೇರಿದ ಕ್ರೊಯ್ಟ್ಸ್‌ಲಿಂಗೆನ್ ಪಟ್ಟಣ. ಒಂದು ಬೀದಿ ಮುಗಿದು ಮತ್ತೊಂದು ಆರಂಭವಾಗುವಷ್ಟರಲ್ಲಿ ದೇಶ ಬದಲಾಗಿರುತ್ತದೆ. ಕೊನ್‌ಸ್ಟಾಂಟ್ಸಿನಲ್ಲಿ ೧೩೮೮ರಲ್ಲಿ ವರ್ತಕರ ಉಗ್ರಾಣವಾಗಿ ಕಟ್ಟಿದ ದೊಡ್ಡ ಕಟ್ಟಡವೊಂದು ಇಂದಿಗೂ ನಿಂತಿದೆ ಎಂದಮೇಲೆ ಅಲ್ಲಿ ವ್ಯಾಪಾರ ಎಷ್ಟು ಹಳೆಯದೆಂದು ಬೇರೆ ಹೇಳಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸಂಬಳವೂ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ ಶನಿವಾರ ಬಂತೆಂದರೆ ಸ್ವಿಸ್ ಸಂಸಾರಗಳು ಚೀಲ ಹಿಡಿದು ಗಡಿ ದಾಟುತ್ತವೆ. ಸಾಬೂನು, ಮಕ್ಕಳ ಬಟ್ಟೆ, ಹಾಲು, ಗಿಣ್ಣು, ಮಾಂಸ, ಔಷಧಿ, ಎಲ್ಲವೂ ಆಚೆ ಬದಿಯಲ್ಲಿ ಅಗ್ಗ. ಅವರಿಗೆ ಸಂಬಳ ಬರುವುದು ಫ್ರಾಂಕಿನಲ್ಲಿ. ಜರ್ಮನಿಯ ಅಂಗಡಿಯಲ್ಲಿ ಕೊಡಬೇಕಾದದ್ದು ಯೂರೋ. ಎರಡರ ನಡುವೆ ನಿಂತಿರುವುದು ವಿನಿಮಯದ ದರ.

ನಾನು ಕನ್ನಡ ಪಾಠ ಹೇಳುವವನು. ಲೆಕ್ಕದ ಮೇಷ್ಟರ ಸೀಮೆಗೆ ಕಾಲಿಡುತ್ತಿರುವುದಕ್ಕೆ ಕ್ಷಮೆಯಿರಲಿ. ಆದರೂ ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಸಂಸಾರದ ವಾರದ ಸಾಮಾನು ಕೊನ್‌ಸ್ಟಾಂಟ್ಸಿನಲ್ಲಿ ೯೦ ಯೂರೋ ಎಂದೂ, ಅದೇ ಸಾಮಾನು ಕ್ರೊಯ್ಟ್ಸ್‌ಲಿಂಗೆನ್ನಿನಲ್ಲಿ ೧೫೦ ಫ್ರಾಂಕ್ ಎಂದೂ ಇಟ್ಟುಕೊಳ್ಳಿ. ಈ ಎರಡು ಬೆಲೆಗಳೂ ವರ್ಷಗಟ್ಟಲೆ ಕದಲಲಿಲ್ಲವೆಂದೇ ಭಾವಿಸೋಣ. ೨೦೦೭ರಲ್ಲಿ ಒಂದು ಯೂರೋ ಕೊಳ್ಳಲು ೧.೬೦ ಫ್ರಾಂಕಿಗಿಂತಲೂ ಹೆಚ್ಚು ಕೊಡಬೇಕಾಗಿದ್ದ ಕಾಲವಿತ್ತು. ೧.೬೦ ಎಂದೇ ಹಿಡಿದರೆ ೯೦ ಯೂರೋ ಸಾಮಾನಿಗೆ ೧೪೪ ಫ್ರಾಂಕ್. ಉಳಿದದ್ದು ಆರೇ ಫ್ರಾಂಕ್. ಹೋಗಿ ಬರುವ ಖರ್ಚು ೨೦ ಫ್ರಾಂಕ್ ಆದರೆ ಉಳಿತಾಯದ ಮಾತು ಹಾಗಿರಲಿ, ಕೈಯಿಂದ ೧೪ ಫ್ರಾಂಕ್ ಹೋಯಿತು. ಮುಂದೆ ದರ ೧.೨೦ಕ್ಕೆ ಇಳಿಯಿತು. ಅದೇ ಸಾಮಾನು ೧೦೮ ಫ್ರಾಂಕಿಗೆ ಬಂತು. ದಾರಿಯ ಖರ್ಚು ಕಳೆದು ೨೨ ಫ್ರಾಂಕ್ ಉಳಿಯಿತು. ದರ ಒಂದಕ್ಕೊಂದು ಆದಾಗ ೯೦ ಫ್ರಾಂಕ್ ಸಾಕಾಯಿತು. ಉಳಿತಾಯ ೪೦ ಫ್ರಾಂಕ್. ಜರ್ಮನಿಯ ಅಂಗಡಿಯವನು ಬೆಲೆ ಇಳಿಸಲಿಲ್ಲ, ಸ್ವಿಸ್ ಅಂಗಡಿಯವನು ಏರಿಸಲಿಲ್ಲ. ಆದರೂ ನಷ್ಟದ ಪಯಣ ಲಾಭದ ಪಯಣವಾಯಿತು. ದರ ಮಾಡುವ ಕೆಲಸವೆಂದರೆ ಇದು.

ದರ ಹೀಗೆ ಇಳಿದುದಕ್ಕೆ ಕಾರಣವುಂಟು. ೨೦೦೮ರ ಹಣಕಾಸಿನ ಮುಗ್ಗಟ್ಟಿನ ತರುವಾಯ ಯೂರೋ ದೇಶಗಳಲ್ಲಿ ಕೆಲವು ಸಾಲದ ಸುಳಿಗೆ ಸಿಕ್ಕಿದವು. ಬಿರುಗಾಳಿ ಬಂದಾಗ ಗಟ್ಟಿ ಮನೆಯನ್ನು ಹುಡುಕುವಂತೆ ಹಣವುಳ್ಳವರು ಸ್ವಿಸ್ ಫ್ರಾಂಕನ್ನು ಹುಡುಕಿಕೊಂಡು ಬಂದರು. ಬೇಡಿಕೆ ಹೆಚ್ಚಿ ಫ್ರಾಂಕ್ ಏರಿತು. ೨೦೧೧ರ ಆಗಸ್ಟಿನಲ್ಲಿ ಒಂದು ಯೂರೋ ಹೆಚ್ಚುಕಡಿಮೆ ಒಂದೇ ಫ್ರಾಂಕಿನ ಮಟ್ಟಕ್ಕೆ ಬಂದಿತು. ಇದು ದೇಶದ ಕೈಗಾರಿಕೆಗೆ ಕುತ್ತು ಎಂದು ಕಂಡು ಸ್ವಿಸ್ ರಾಷ್ಟ್ರೀಯ ಬ್ಯಾಂಕು ೨೦೧೧ರ ಸೆಪ್ಟೆಂಬರ್ ೬ರಂದು ಒಂದು ಕಟ್ಟೆ ಕಟ್ಟಿತು: ಯೂರೋವಿನ ಬೆಲೆ ೧.೨೦ ಫ್ರಾಂಕಿಗಿಂತ ಕೆಳಗೆ ಹೋಗಗೊಡೆವು, ಬೇಕಾದರೆ ಎಷ್ಟು ಯೂರೋ ಆದರೂ ನಾವೇ ಕೊಳ್ಳುತ್ತೇವೆ ಎಂದಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಕಟ್ಟೆ ನಿಂತಿತು. ಸಂಸಾರಗಳು ೧.೨೦ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡವು.

೨೦೧೫ರ ಜನವರಿ ೧೫, ಗುರುವಾರ. ಬೆಳಿಗ್ಗೆ ಹತ್ತೂವರೆ ಗಂಟೆಗೆ ಬ್ಯಾಂಕು, ಮುನ್ಸೂಚನೆಯಿಲ್ಲದೆ, ಕಟ್ಟೆಯನ್ನು ತೆಗೆದುಹಾಕಿದ್ದೇವೆಂದು ಸಾರಿತು. ಯೂರೋಪಿನ ಕೇಂದ್ರ ಬ್ಯಾಂಕು ಅಪಾರ ಪ್ರಮಾಣದಲ್ಲಿ ಹೊಸ ಹಣವನ್ನು ಮಾರುಕಟ್ಟೆಗೆ ಬಿಡಲಿದೆ ಎಂಬ ನಿರೀಕ್ಷೆ ಆಗ ಬಲವಾಗಿತ್ತು. ಒಂದು ವಾರದೊಳಗೆ, ಜನವರಿ ೨೨ರಂದು, ಹಾಗೆಂದು ಪ್ರಕಟಿಸಿಯೂ ಬಿಟ್ಟಿತು. ಹೊಳೆ ಏರಿ ಬರುವಾಗ ಕಟ್ಟೆಯನ್ನು ಎತ್ತರಿಸುತ್ತಲೇ ಹೋಗುವುದು ಸಾಧ್ಯವಿಲ್ಲವೆಂದು ಸ್ವಿಸ್ ಬ್ಯಾಂಕಿಗೆ ತೋರಿರಬೇಕು. ಕೆಲವೇ ನಿಮಿಷಗಳಲ್ಲಿ ಯೂರೋ ೦.೯೦ ಫ್ರಾಂಕಿಗಿಂತಲೂ ಕೆಳಕ್ಕೆ ಬಿದ್ದು, ಆಮೇಲೆ ಒಂದು ಫ್ರಾಂಕಿನ ಆಸುಪಾಸಿಗೆ ಬಂದು ನಿಂತಿತು. ಆ ವಾರದ ಕೊನೆಯಲ್ಲಿ ಕೊನ್‌ಸ್ಟಾಂಟ್ಸಿನ ಬೀದಿಗಳಲ್ಲಿ ಸ್ವಿಸ್ ಕಾರುಗಳು ಕಿಕ್ಕಿರಿದವು. ಬಾಸೆಲ್ ನಗರದಿಂದ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಗಡಿ ದಾಟಿ ಹೋಗುವ ಟ್ರಾಮ್ ದಾರಿ ಹಿಂದಿನ ತಿಂಗಳಷ್ಟೇ, ೨೦೧೪ರ ಡಿಸೆಂಬರಿನಲ್ಲಿ, ತೆರೆದಿತ್ತು. ಅದಕ್ಕೂ ಜನವೋ ಜನ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಅವರ ಭಾಷೆಯಲ್ಲಿ ಇದೆಯೋ ಇಲ್ಲವೋ, ನಡತೆಯಲ್ಲಂತೂ ಇತ್ತು.

ಇಲ್ಲಿ ಹಲವರು ಎಡವುವ ಒಂದು ಲೆಕ್ಕವಿದೆ. ಮೊದಲು ೧೦೦ ಫ್ರಾಂಕಿಗೆ ೮೩ ಯೂರೋ ಚಿಲ್ಲರೆ ಬರುತ್ತಿತ್ತು. ಈಗ ೧೦೦ ಯೂರೋ ಬಂತು. ಕೈಗೆ ಬಂದ ಯೂರೋ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿತು ಎಂಬುದು ನಿಜ. ಹಾಗಾದರೆ ಸಾಮಾನೂ ನೂರಕ್ಕೆ ಇಪ್ಪತ್ತರಷ್ಟು ಅಗ್ಗವಾಯಿತೇ? ಇಲ್ಲ. ೧೦೮ ಫ್ರಾಂಕಿನದು ೯೦ಕ್ಕೆ ಬಂದರೆ ಇಳಿದದ್ದು ೧೮. ಅದು ನೂರಕ್ಕೆ ಸುಮಾರು ಹದಿನೇಳು ಮಾತ್ರ. ಯಾವ ಕಡೆಯಿಂದ ಎಣಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ವಿನಿಮಯವೆಂಬ ಮಾತಿನಲ್ಲೇ ಕೊಡುವುದೂ ಇದೆ, ಕೊಳ್ಳುವುದೂ ಇದೆ. ಒಂದು ನಾಣ್ಯ ಏರಿತು ಎಂದರೆ ಇನ್ನೊಂದು ಅದರ ಮುಂದೆ ಇಳಿಯಿತು ಎಂದೇ ಅರ್ಥ.

ಇನ್ನು, ಪತ್ರಿಕೆಯಲ್ಲಿ ಓದಿದ ದರ ಇದ್ದಂತೆಯೇ ಕೈಗೆ ಸಿಕ್ಕುವುದಿಲ್ಲ. ಹಿಂದೆ ನಾಣ್ಯ ಬದಲಾಯಿಸಿಕೊಡುವ ಸರಾಫನು ಮುರಿದುಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ವಟ್ಟ ಎನ್ನುತ್ತಿದ್ದರು. ಇಂದಿನ ಬ್ಯಾಂಕೂ ಕೊಳ್ಳುವುದಕ್ಕೆ ಒಂದು ದರ, ಮಾರುವುದಕ್ಕೆ ಒಂದು ದರ ಇಟ್ಟು ವಟ್ಟ ಹಿಡಿಯುತ್ತದೆ. ಫ್ರಾಂಕನ್ನೇ ತೆಗೆದುಕೊಳ್ಳುವ ಗಡಿಯ ಅಂಗಡಿ ತನಗೆ ಅನುಕೂಲವಾದ ದರವನ್ನೇ ಹಚ್ಚುತ್ತದೆ. ನೂರಕ್ಕೆ ಮೂರು ವಟ್ಟಕ್ಕೆ ಹೋದರೆ ೯೦ ಫ್ರಾಂಕಿನ ಸಾಮಾನಿನಲ್ಲಿ ಹೆಚ್ಚುಕಡಿಮೆ ಮೂರು ಫ್ರಾಂಕ್ ಹೋದಂತೆ.

ತೆರಿಗೆಯ ಮಾತೊಂದಿದೆ. ಜರ್ಮನಿಯಲ್ಲಿ ಸಾಮಾನ್ಯ ಸರಕಿನ ಮೇಲೆ ನೂರಕ್ಕೆ ೧೯, ಬಹುಪಾಲು ಆಹಾರ ಪದಾರ್ಥಗಳ ಮೇಲೆ ೭ ಮೌಲ್ಯವರ್ಧಿತ ತೆರಿಗೆ. ಸರಕನ್ನು ದೇಶದ ಹೊರಕ್ಕೆ ಒಯ್ಯುವ ಸ್ವಿಸ್ ನಿವಾಸಿಗೆ ಈ ತೆರಿಗೆ ಹಿಂದಕ್ಕೆ ಬರುತ್ತದೆ. ಅಂಗಡಿಯವನು ಕೊಡುವ ಹಸಿರು ಚೀಟಿಗೆ ಸುಂಕದ ಕಟ್ಟೆಯಲ್ಲಿ ಮುದ್ರೆ ಹಾಕಿಸಿ, ಮುಂದಿನ ಸಾರಿ ಹೋದಾಗ ಅಂಗಡಿಯಲ್ಲಿ ತೋರಿಸಿ ಹಣ ಪಡೆಯುವುದು ೨೦೧೫ರಲ್ಲಿ ಇದ್ದ ಪದ್ಧತಿ. ೧೧೯ ಯೂರೋ ಕೊಟ್ಟಿದ್ದರೆ ಬರುವುದು ೧೯ ಯೂರೋ. ಎಂದರೆ ಕೊಟ್ಟ ಹಣದ ನೂರಕ್ಕೆ ಹದಿನಾರು, ಹತ್ತೊಂಬತ್ತಲ್ಲ. ಈ ಹಣ ಯೂರೋವಿನಲ್ಲಿ ಬರುವುದರಿಂದ ಇದಕ್ಕೂ ದರದ ಗಾಳಿ ತಗಲುತ್ತದೆ. ಜನವರಿ ೧೪ರಂದು ೧೯ ಯೂರೋವಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದವನಿಗೆ ಅದು ೨೨.೮೦ ಫ್ರಾಂಕಿನ ಚೀಟಿ. ಮಾರನೆಯ ದಿನ ಸುಮಾರು ೧೯ ಫ್ರಾಂಕಿನದು. ಅಗ್ಗದ ಯೂರೋ ಕೊಳ್ಳುವಾಗ ಒಳ್ಳೆಯದು, ವಾಪಸು ಪಡೆಯುವಾಗ ಸಪ್ಪೆ. ೨೦೨೦ರ ಜನವರಿಯಿಂದ ೫೦ ಯೂರೋ ದಾಟದ ಖರೀದಿಗೆ ಜರ್ಮನಿ ಈ ರಿಯಾಯಿತಿಯನ್ನು ಕೊಡುತ್ತಿಲ್ಲ.

ಹಿಂತಿರುಗುವ ದಾರಿಯಲ್ಲಿ ಸ್ವಿಸ್ ಸುಂಕದವರಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವಷ್ಟೆ. ೨೦೧೫ರಲ್ಲಿ ಒಬ್ಬರು ಒಂದು ದಿನಕ್ಕೆ ೩೦೦ ಫ್ರಾಂಕ್ ಬೆಲೆಯವರೆಗಿನ ಸಾಮಾನನ್ನು ತೆರಿಗೆಯಿಲ್ಲದೆ ತರಬಹುದಾಗಿತ್ತು. ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಇಡೀ ಮೊತ್ತಕ್ಕೆ ತೆರಿಗೆ. ಮಿತಿ ಫ್ರಾಂಕಿನಲ್ಲಿದ್ದುದರಿಂದ ಅದೂ ದರದೊಂದಿಗೆ ಹಿಗ್ಗಿತು: ೧.೨೦ರ ದರದಲ್ಲಿ ೨೫೦ ಯೂರೋ ಸಾಮಾನು ಹಿಡಿಸುತ್ತಿದ್ದ ಮಿತಿಯಲ್ಲಿ ಈಗ ೩೦೦ ಯೂರೋ ಸಾಮಾನು ಹಿಡಿಸಿತು.

ಇಷ್ಟನ್ನು ಕಳೆದರೂ ಸಂಸಾರಕ್ಕೆ ಲಾಭವೇ ಆಯಿತಲ್ಲ, ಇನ್ನೇನು ಚಿಂತೆ ಎಂದು ನೀವು ಕೇಳಬಹುದು. ಚಿಂತೆ ಇರುವುದು ಆ ಸಂಸಾರದ ಇನ್ನೊಂದು ಬಾಗಿಲಲ್ಲಿ. ಯಜಮಾನಿ ಚೀಲ ಹಿಡಿದು ಜರ್ಮನಿಗೆ ಹೋಗುವ ಮನೆಯ ಯಜಮಾನ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆಂದು ಭಾವಿಸಿ. ಆ ಕಾರ್ಖಾನೆ ಒಂದು ಲಕ್ಷ ಯೂರೋವಿಗೆ ಜರ್ಮನಿಗೆ ಯಂತ್ರ ಮಾರಿದರೆ ಮೊದಲು ೧,೨೦,೦೦೦ ಫ್ರಾಂಕ್ ಬರುತ್ತಿತ್ತು. ಈಗ ಬರುವುದು ಒಂದು ಲಕ್ಷ ಫ್ರಾಂಕ್. ಯಜಮಾನನ ಸಂಬಳ, ಕಟ್ಟಡದ ಬಾಡಿಗೆ, ವಿದ್ಯುತ್ತಿನ ಖರ್ಚು ಫ್ರಾಂಕಿನಲ್ಲಿಯೇ ಇವೆ. ಒಂದು ಬಿಡಿ ಫ್ರಾಂಕೂ ಕಡಿಮೆಯಾಗಲಿಲ್ಲ. ಯಂತ್ರದ ಬೆಲೆ ಏರಿಸೋಣವೆಂದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ೨೦೧೫ರಲ್ಲಿ ಹಲವು ಸ್ವಿಸ್ ಕಾರ್ಖಾನೆಗಳು ಅದೇ ಸಂಬಳಕ್ಕೆ ವಾರದಲ್ಲಿ ಇನ್ನಷ್ಟು ಗಂಟೆ ದುಡಿಯಿರಿ ಎಂದು ಕೆಲಸಗಾರರನ್ನು ಕೇಳಿದವು. ಕೆಲಸ ಕುಂದಿದ ಕಾರ್ಖಾನೆಗಳಲ್ಲಿ ಆಳುಗಳನ್ನು ತೆಗೆಯದಿರಲೆಂದು ಕೊಡುವ ಸಹಾಯಧನವನ್ನು ನಾಣ್ಯದ ಏರಿಕೆಯ ಕಾರಣಕ್ಕೂ ಕೊಡಲು ಸರ್ಕಾರ ಒಪ್ಪಿತು. ಶನಿವಾರ ೪೦ ಫ್ರಾಂಕ್ ತಂದುಕೊಟ್ಟ ಗಾಳಿಯೇ ಸೋಮವಾರ ಕಾರ್ಖಾನೆಯ ಬಾಗಿಲನ್ನು ಅಲ್ಲಾಡಿಸಿತು.

ಕ್ರೊಯ್ಟ್ಸ್‌ಲಿಂಗೆನ್ನಂಥ ಊರುಗಳ ಅಂಗಡಿಕಾರರ ಪಾಡು ಇನ್ನೂ ಸೂಕ್ಷ್ಮ. ಸ್ವಿಟ್ಜರ್ಲೆಂಡಿನ ದೊಡ್ಡ ಅಂಗಡಿಗಳು ಹೊರಗಿನಿಂದ ತರಿಸುವ ಕೆಲವು ಸರಕುಗಳ ಬೆಲೆ ಇಳಿಸಿದವು. ಸ್ಥಳೀಯ ಹಿಟ್ಟು, ಸ್ಥಳೀಯ ಕೂಲಿಯನ್ನು ನಂಬಿದ ರೊಟ್ಟಿಯಂಗಡಿಯವನು ಏನನ್ನು ಇಳಿಸಬೇಕು? ಗಡಿಯಾಚೆಗೆ ಹೋಗಲು ವಾಹನವಿಲ್ಲದ ಮುದುಕರಿಗೂ ಕೈಲಾಗದವರಿಗೂ ಊರಿನ ಅಂಗಡಿಯೇ ಗತಿ. ಅದು ಮುಚ್ಚಿದರೆ ಅಗ್ಗದ ದರದ ಬೆಲೆಯನ್ನು ತೆರುವವರು ಅವರು. ಗಡಿಯ ಪ್ರಾಂತ್ಯಗಳ ಒತ್ತಾಯದ ಮೇಲೆ ೨೦೨೫ರ ಜನವರಿ ೧ರಿಂದ ಆ ೩೦೦ ಫ್ರಾಂಕಿನ ಮಿತಿಯನ್ನು ೧೫೦ಕ್ಕೆ ಇಳಿಸಿದ್ದಾರೆ.

ಇದೆಲ್ಲ ದೂರದೇಶದ ಕತೆ ಎನ್ನುವಂತಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ದುಡಿಮೆ ದಿರ್ಹಮಿನಲ್ಲಿ, ಖರ್ಚು ರೂಪಾಯಿಯಲ್ಲಿ. ದುಬೈಯ ದಿರ್ಹಮನ್ನು ೧೯೯೭ರಿಂದ ಡಾಲರಿಗೆ ೩.೬೭೨೫ರಂತೆ ಕಟ್ಟಿಹಾಕಿದ್ದಾರೆ. ೨೦೧೩ರ ಮೇ ತಿಂಗಳಲ್ಲಿ ಡಾಲರಿಗೆ ೫೪ ರೂಪಾಯಿಯ ಸುಮಾರಿನಲ್ಲಿದ್ದ ದರ ಆಗಸ್ಟ್ ಕೊನೆಯ ವೇಳೆಗೆ ೬೮ ದಾಟಿತು. ಸಾವಿರ ದಿರ್ಹಮ್ ಕಳುಹಿಸಿದ ಮಗನ ಮನೆಗೆ ಸುಮಾರು ೧೪,೭೦೦ ರೂಪಾಯಿಯ ಬದಲು ೧೮,೫೦೦ಕ್ಕೂ ಮಿಕ್ಕಿ ಬಂತು. ತಾಯಿ ಹಿಗ್ಗಿದಳು. ಆದರೆ ಪೆಟ್ರೋಲಿನ ಕಚ್ಚಾ ತೈಲವನ್ನೂ ಅಡಿಗೆ ಎಣ್ಣೆಯನ್ನೂ ನಾವು ಹೊರಗಿನಿಂದ ಡಾಲರು ಕೊಟ್ಟು ತರಿಸುವವರು. ರೂಪಾಯಿ ಇಳಿದ ಭಾರ ಎಲ್ಲರ ಒಲೆಗೂ ತಗಲುತ್ತದೆ, ದಿರ್ಹಮ್ ಬಾರದ ಪಕ್ಕದ ಮನೆಯ ಒಲೆಗೂ.

ಹಾಗಾದರೆ ಗಡಿಯಾಚೆಯ ಸಂತೆಗೆ ಹೋಗಲೇಬಾರದೇ? ಹೋಗಬಹುದು, ಲೆಕ್ಕ ಹಾಕಿ ಹೋಗಬೇಕು. ದಾರಿಯ ಖರ್ಚೆಷ್ಟು, ವಟ್ಟವೆಷ್ಟು, ಸುಂಕದ ಮಿತಿಯೆಷ್ಟು ಎಂದು ಮೊದಲು ಕೇಳಿಕೊಳ್ಳಬೇಕು. ಅಗ್ಗವೆಂಬ ಕಾರಣಕ್ಕೇ ಬೇಡದ್ದನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದೇವೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದರದಿಂದ ಬಂದ ಉಳಿತಾಯ ಮಳೆಯ ನೀರು, ಬಾವಿಯ ನೀರಲ್ಲ ಎಂಬುದನ್ನು ನೆನಪಿಡಬೇಕು. ಬಂದಾಗ ಹಂಡೆ ತುಂಬಿಸಿಕೊಂಡರೆ ತಪ್ಪಿಲ್ಲ. ಪ್ರತಿದಿನ ಬರುತ್ತದೆಂದು ನಂಬಿ ಊರ ಬಾವಿಯನ್ನು ಮುಚ್ಚಿಬಿಟ್ಟರೆ ಬೇಸಗೆಯಲ್ಲಿ ಬಾಯಾರಬೇಕಾದೀತು.