ಜೇಡಿಮಣ್ಣಿನ ಸಾಕ್ಷಿ: ತೂಕ, ವೇಗ ಮತ್ತು ಚಲನಶಕ್ತಿ

ಚಲನಶಕ್ತಿಯ ಸೂತ್ರ ಹೈಸ್ಕೂಲು ದಾಟಿದವರಿಗೆಲ್ಲ ಬಾಯಿಪಾಠ: ದ್ರವ್ಯರಾಶಿ ಗುಣಿಸು ವೇಗದ ವರ್ಗ, ಅದರಲ್ಲಿ ಅರ್ಧ. ಈ ಒಂದು ಸಾಲಿಗಾಗಿ ಯುರೋಪಿನ ವಿದ್ವಾಂಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಿತ್ತಾಡಿದ್ದನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ಈ ದತ್ತಿ ಉಪನ್ಯಾಸಕ್ಕೆ ಆ ಜಗಳವೇ ತಕ್ಕ ವಸ್ತು.

ಚಲಿಸುವ ವಸ್ತುವಿನ ಕಸುವನ್ನು ಅಳೆಯಲು ದ್ರವ್ಯರಾಶಿಯನ್ನು ವೇಗದಿಂದ ಒಮ್ಮೆ ಗುಣಿಸಿದರೆ ಸಾಕು ಎಂಬುದು ಡೆಕಾರ್ಟ್‌ನ ಅನುಯಾಯಿಗಳ ಪಟ್ಟು. ಸಾಲದು, ಎರಡು ಸಲ ಗುಣಿಸಬೇಕು ಎಂದು 1686ರಲ್ಲಿ ಲೈಬ್ನಿಟ್ಸ್ ಲೇಖನ ಬರೆದು ಕಿಡಿ ಹಚ್ಚಿದ. ಲೈಬ್ನಿಟ್ಸನನ್ನು ಕಂಡರಾಗದ ನ್ಯೂಟನ್‌ ಬಳಗ ಮೊದಲ ಪಕ್ಷದ ಕಡೆ ವಾಲಿತು. ವಿದ್ವಾಂಸರೂ ಕೆಲವೊಮ್ಮೆ ಮುಖ ನೋಡಿಯೇ ಮಣೆ ಹಾಕುತ್ತಾರೆ!

ಲೈಡನ್ ವಿಶ್ವವಿದ್ಯಾಲಯದ ವಿಲ್ಲೆಮ್ ಗ್ರಾವೆಸಾಂಡೆಯೂ ನ್ಯೂಟನ್ನನ ಅಭಿಮಾನಿಯೇ. ಆದರೆ ಅವನು ಮಾತು ಬೆಳೆಸುವ ಬದಲು ಜೇಡಿಮಣ್ಣು ಹದಮಾಡಿದ. ಗಾತ್ರದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಬೇರೆಯಾದ ಹಿತ್ತಾಳೆ ಗುಂಡುಗಳನ್ನು ಅದರ ಮೇಲೆ ಬೀಳಿಸಿ, ಮೂಡಿದ ಕುಳಿಗಳನ್ನು ಅಳೆದ. ಮೂರು ಪಟ್ಟು ತೂಕದ ಗುಂಡು ಒಂದು ಪಾಲು ಎತ್ತರದಿಂದ ಬಿದ್ದರೂ, ಹಗುರ ಗುಂಡು ಮೂರು ಪಾಲು ಎತ್ತರದಿಂದ ಬಿದ್ದರೂ ಕುಳಿ ಅಷ್ಟೇ. ಗೆಲಿಲಿಯೊನ ಲೆಕ್ಕದಂತೆ, ಬೀಳುವ ವಸ್ತುವಿನ ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು. ಹಾಗಾಗಿ ವೇಗ ಎರಡರಷ್ಟಾದರೆ ಕುಳಿ ನಾಲ್ಕರಷ್ಟು. 1722ರಲ್ಲಿ ಗ್ರಾವೆಸಾಂಡೆ ಇದನ್ನು ಪ್ರಕಟಿಸಿ, ತನ್ನ ಹಳೆಯ ಅಭಿಪ್ರಾಯ ಬಿಟ್ಟುಕೊಟ್ಟ.

ಫ್ರಾನ್ಸಿನಲ್ಲಿ ಈ ವಾದವನ್ನು ಎತ್ತಿ ಹಿಡಿದವಳು ಎಮಿಲಿ ದು ಶಾತ್ಲೆ. 1740ರಲ್ಲಿ ಹೊರಬಂದ ಆಕೆಯ ಭೌತಶಾಸ್ತ್ರ ಗ್ರಂಥ ಲೈಬ್ನಿಟ್ಸನ ಪರ ನಿಂತಿತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಮೇರಾನ್ ಮರುವರ್ಷ ಬಹಿರಂಗ ಪತ್ರದಲ್ಲಿ ಖಂಡಿಸಿದ. ಆಕೆ ಅಚ್ಚಿನಲ್ಲೇ ಉತ್ತರ ಕೊಟ್ಟಳು. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಫ್ರೆಂಚಿಗೆ ತಂದವಳೂ ಈಕೆಯೇ ಎಂಬುದನ್ನು ನೆನೆದರೆ, ಪಂಗಡದ ಹಂಗಿಲ್ಲದೆ ಯೋಚಿಸಿದವರಲ್ಲಿ ಆಕೆಗೆ ಮೊದಲ ಸಾಲಿನ ಜಾಗ ಸಲ್ಲಬೇಕು.

ಹಾಗಾದರೆ ಎದುರಾಳಿಗಳು ತಪ್ಪಿದ್ದೆಲ್ಲಿ? ಪೂರ್ತಿ ತಪ್ಪಿರಲಿಲ್ಲ. ಎರಡು ಬಂಡಿಗಳಿವೆ, ತೂಕ ಒಂದೇ. ಒಂದರ ವೇಗ ಇನ್ನೊಂದರ ಎರಡರಷ್ಟು. ಎರಡಕ್ಕೂ ಒಂದೇ ಬಲದ ಬ್ರೇಕು ಬಿದ್ದರೆ ವೇಗದ ಬಂಡಿ ನಿಲ್ಲಲು ಎರಡರಷ್ಟು ಸಮಯ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದರ ಸರಾಸರಿ ವೇಗವೂ ಎರಡರಷ್ಟು. ಎರಡರಷ್ಟು ವೇಗದಲ್ಲಿ ಎರಡರಷ್ಟು ಹೊತ್ತು ಓಡಿದರೆ ಕ್ರಮಿಸುವ ದೂರ ನಾಲ್ಕರಷ್ಟು. ನಿಲ್ಲಿಸಲು ಬೇಕಾದ ಸಮಯ ನೋಡಿದವರಿಗೆ ಸಂವೇಗ (ದ್ರವ್ಯರಾಶಿ ಗುಣಿಸು ವೇಗ) ಕಂಡಿತು, ದೂರ ನೋಡಿದವರಿಗೆ ಚಲನಶಕ್ತಿ ಕಂಡಿತು. ಸೂತ್ರದ ‘ಅರ್ಧ’ದ ಮೂಲವೂ ಇಲ್ಲೇ ಇದೆ: ಒಂದೇ ಸಮನೆ ನಿಧಾನವಾಗಿ ನಿಲ್ಲುವ ವಸ್ತುವಿನ ಸರಾಸರಿ ವೇಗ ಆರಂಭದ ಅರ್ಧ. ಅದನ್ನು 1829ರಲ್ಲಿ ಸೂತ್ರದಲ್ಲಿ ನೆಲೆಗೊಳಿಸಿದವನು ಫ್ರಾನ್ಸಿನ ಕೋರಿಯೊಲಿ.

ಅಂಕಿಗಳಲ್ಲಿ ಹೇಳುವುದಾದರೆ, 1,000 ಕೆ.ಜಿ. ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೊತ್ತ ಚಲನಶಕ್ತಿ 50,000 ಜೂಲ್. ಇನ್ನೂ 1,000 ಕೆ.ಜಿ. ಹೇರಿದರೆ 1,00,000 ಆಗುತ್ತದೆ. ಏನೂ ಹೇರದೆ ವೇಗವನ್ನು 72ಕ್ಕೆ ಏರಿಸಿದರೆ 2,00,000. ರಸ್ತೆಯಲ್ಲಿ ಲೋಡು ಕಂಡರೆ ಬೆಚ್ಚುವ ನಮ್ಮ ಕಣ್ಣು ವೇಗಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ.

ನಮ್ಮ ಚಳ್ಳಕೆರೆಯ ಬಳಿಯ ರನ್‌ವೇಯಲ್ಲಿ ಈ ವರ್ಗದ ಲೆಕ್ಕ 2024ರ ಜೂನ್ 23ರಂದು ಕಣ್ಣಿಗೇ ಕಂಡಿತು. ಇಸ್ರೋದ ರೆಕ್ಕೆಯುಳ್ಳ ವಾಹನ ‘ಪುಷ್ಪಕ್’ ಅನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಿತು. ವಾಹನ ತಾನೇ ದಾರಿ ತಿದ್ದಿಕೊಂಡು ನೆಲಕ್ಕಿಳಿದಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260ರಲ್ಲಿ. ವೇಗದ ಅಂತರ ಕಾಲು ಭಾಗಕ್ಕೂ ಕಡಿಮೆ. ಟನ್ನಿಗೆ ಟನ್ನು ಹೋಲಿಸಿದರೆ ಶಕ್ತಿ ಮಾತ್ರ ಒಂದೂವರೆ ಪಟ್ಟು.

ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಲಾಯಿತು. ವೇಗ ಮೂರನೇ ಒಂದರಷ್ಟು ಉಳಿದಿತ್ತಲ್ಲ ಎನಿಸಬಹುದು. ಶಕ್ತಿಯಲ್ಲಿ ಉಳಿದದ್ದು ಹತ್ತನೇ ಒಂದಂಶಕ್ಕಿಂತ ಕಡಿಮೆ. ಗಾಳಿಯ ತಡೆಯೂ ವೇಗದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಅಷ್ಟರಲ್ಲಿ ಪ್ಯಾರಾಚೂಟಿನ ಹಿಡಿತವೂ ಹತ್ತನೇ ಒಂದಂಶಕ್ಕೆ ಸಡಿಲಿರುತ್ತದೆ. ಚಕ್ರದ ಬ್ರೇಕುಗಳ ಸರದಿ ಬಂದದ್ದು ಅಲ್ಲಿಂದ ಮುಂದಕ್ಕೆ.