ನೊಆಂ ಮನೆಯ ಯಜಮಾನಿಯರು

ಫ್ರಾನ್ಸಿನ ನಟ್ಟನಡುವೆ ಬೆರ್ರಿ ಎಂಬ ಸೀಮೆ. ಅಲ್ಲಿ ನೊಆಂ ಎಂಬ ಚಿಕ್ಕ ಹಳ್ಳಿ. ಮರದ ಮುಖಮಂಟಪದ ಪುಟ್ಟ ಚರ್ಚು, ಎದುರಿಗೊಂದು ಬಯಲು, ಪಕ್ಕದಲ್ಲೇ ತೋಟದ ನಡುವೆ ಒಂದು ದೊಡ್ಡ ಮನೆ. ಕಾದಂಬರಿಕಾರ್ತಿ ಜಾರ್ಜ್ ಸ್ಯಾಂಡ್ ಬೆಳೆದ, ಬರೆದ, ಕಣ್ಣುಮುಚ್ಚಿದ ಮನೆ ಅದು. ಶೋಪ್ಯಾಂ ಪಿಯಾನೊ ನುಡಿಸಿದ ಮನೆ ಎಂದೇ ಅದನ್ನು ನೆನೆಯುವವರು ಹೆಚ್ಚು. ನಾನು ಇವತ್ತು ಹೇಳಹೊರಟಿರುವುದು ಆ ಮನೆ ಯಾರದಾಗಿತ್ತು, ಅದನ್ನು ಆಳುವ ಅಧಿಕಾರ ಯಾರಿಗಿತ್ತು ಎಂಬ ಕತೆಯನ್ನು.

ಹದಿನೆಂಟನೆಯ ಶತಮಾನದಲ್ಲಿ, ಹಳೆಯ ಕೋಟೆಮನೆಯೊಂದಿದ್ದ ಜಾಗದಲ್ಲಿ ಇದನ್ನು ಕಟ್ಟಿದರು. 1793ರಲ್ಲಿ ಇದನ್ನು ಕೊಂಡವರು ಮರೀ-ಒರೋರ್ ದ್ಯುಪ್ಯಾಂ ಎಂಬ ವಿಧವೆ. ದಂಡನಾಯಕ ಮೋರಿಸ್ ದ ಸಾಕ್ಸ್‌ನ ಮಗಳು, ಮದುವೆಯಾಚೆ ಹುಟ್ಟಿದವರು. ಕ್ರಾಂತಿ ಉರಿಯುತ್ತಿದ್ದ ಕಾಲ. ಮನೆ ಕೊಂಡ ಕೆಲವೇ ತಿಂಗಳಲ್ಲಿ ಅವರನ್ನು ಪ್ಯಾರಿಸ್ಸಿನಲ್ಲಿ ಸೆರೆಹಿಡಿದು, ಜೈಲಾಗಿ ಮಾರ್ಪಟ್ಟಿದ್ದ ಇಂಗ್ಲಿಷ್ ಸನ್ಯಾಸಿನಿಯರ ಮಠದಲ್ಲಿಟ್ಟರು. ಮುಂದೆ ಮೊಮ್ಮಗಳನ್ನು ಓದಲು ಅದೇ ಮಠಕ್ಕೆ ಕಳಿಸಿದರು ಈ ಅಜ್ಜಿ. ಎಂಥ ಗಟ್ಟಿ ಜೀವ!

ಆ ಮೊಮ್ಮಗಳ ಹೆಸರೂ ಒರೋರ್. 1804ರಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿನಲ್ಲಿ ನೊಆಂಗೆ ಬಂದಳು. ಅದೇ ಸೆಪ್ಟೆಂಬರಿನಲ್ಲಿ ತಂದೆ ಕುದುರೆಯಿಂದ ಬಿದ್ದು ಸತ್ತ. ಅಜ್ಜಿಗೂ ಅಮ್ಮನಿಗೂ ಆಗದು. ಮಗು ಅಜ್ಜಿಯ ಬಳಿ ಉಳಿಯಿತು, ರೈತರ ಮಕ್ಕಳ ಜೊತೆ ಹೊಲಗಳಲ್ಲಿ ಬೆಳೆಯಿತು. 1821ರ ಕೊನೆಗೆ ಅಜ್ಜಿ ತೀರಿಕೊಂಡಾಗ ಹದಿನೇಳು ವರ್ಷದ ಹುಡುಗಿ ಆ ಮನೆಗೆ ಒಡತಿಯಾದಳು. ಮರುವರ್ಷವೇ ಕಾಸಿಮಿರ್ ದ್ಯುದ್ವಾಂ ಎಂಬವನೊಡನೆ ಮದುವೆ. ಆಸ್ತಿ ಅವಳದು, ಆಡಳಿತ ಅವನದು.

ಅದು ಕಾಸಿಮಿರನೊಬ್ಬನ ದಬ್ಬಾಳಿಕೆ ಅಂದುಕೊಳ್ಳಬೇಡಿ. ಅವಳು ಹುಟ್ಟಿದ 1804ರಲ್ಲೇ ಜಾರಿಗೆ ಬಂದ ನೆಪೋಲಿಯನ್ನನ ಸಿವಿಲ್ ಸಂಹಿತೆ, ಹೆಂಡತಿ ಗಂಡನಿಗೆ ವಿಧೇಯಳಾಗಿರತಕ್ಕದ್ದು ಎಂದು ಬರೆದಿಟ್ಟಿತ್ತು. 1830ರ ಕೊನೆಗೆ ಒರೋರ್ ವರ್ಷದ ಅರ್ಧ ಭಾಗ ಪ್ಯಾರಿಸ್ಸಿನಲ್ಲಿರಲು ಗಂಡನನ್ನು ಒಪ್ಪಿಸಿದಳು. ಖರ್ಚಿಗೆ ಅವನು ಕೊಡಲೊಪ್ಪಿದ್ದು ವರ್ಷಕ್ಕೆ 3,000 ಫ್ರಾಂಕ್. ಅವಳದೇ ಆಸ್ತಿಯ ಆದಾಯದಿಂದ ಅವಳಿಗೇ ಭತ್ಯೆ!

ಮನೆಯೊಳಗೆ ಅವಳಿಗೆ ಅಂತ ಇದ್ದದ್ದು ಒಂದು ಚಿಕ್ಕ ಕೋಣೆ. ನೆಲಮಹಡಿಯಲ್ಲಿ, ಹಿಂದೆ ಅಜ್ಜಿ ಬಳಸುತ್ತಿದ್ದದ್ದು. ಒಂದೇ ಬಾಗಿಲು, ಹಾಗಾಗಿ ಅದರ ಮೂಲಕ ಹಾದುಹೋಗುವವರಿಲ್ಲ. ಮಂಚಕ್ಕೆ ಜಾಗ ಸಾಲದೆ ತೂಗುಹಾಸಿಗೆಯಲ್ಲಿ ಮಲಗುತ್ತಿದ್ದಳು. ಬರೆಯುವ ಮೇಜೆಂದರೆ ಒಂದು ಬೀರು. ಅದರ ಬಾಗಿಲು ಕೆಳಕ್ಕೆ ಮಡಚಿದರೆ ಹಲಗೆಯಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಕ್ಕಳ ಉಸಿರಾಟ ಕೇಳುವಷ್ಟು ಹತ್ತಿರ. ಗಂಡನ ಅಧೀನದಲ್ಲಿ ನರಳುವ ಹೆಣ್ಣಿನ ಕತೆಯಾದ ‘ಇಂಡಿಯಾನಾ’ ಕಾದಂಬರಿ ಬರೆದದ್ದು ನೊಆಂನಲ್ಲಿ. 1832ರಲ್ಲಿ ಅದು ಹೊರಬಂದಾಗ ಒರೋರ್ ಜಾರ್ಜ್ ಸ್ಯಾಂಡ್ ಆದಳು.

1835ರ ಅಕ್ಟೋಬರಿನಲ್ಲಿ, ಊಟದ ನಂತರ ಎದ್ದ ಜಗಳದಲ್ಲಿ, ಅತಿಥಿಗಳ ಕಣ್ಣೆದುರೇ ಕಾಸಿಮಿರ್ ಹೆಂಡತಿಯ ಮೇಲೆ ಕೈಯೆತ್ತಿ, ಬಂದೂಕಿಗೂ ಕೈಹಾಕಿದ. ಅವಳು ಕೋರ್ಟಿಗೆ ಹೋದಳು. ವಿಚ್ಛೇದನವನ್ನು 1816ರಲ್ಲೇ ರದ್ದು ಮಾಡಿದ್ದರು. ಉಳಿದದ್ದು ಬೇರೆಯಾಗಿ ಬದುಕುವ ಅನುಮತಿಯೊಂದೇ. ಲಾ ಶಾತ್ರ್ ಪಟ್ಟಣದ ನ್ಯಾಯಾಲಯ, ಆಮೇಲೆ ಬೂರ್ಜ್ ನಗರದ ಮೇಲ್ಮನವಿ. ಮಿಶೆಲ್ ದ ಬೂರ್ಜ್ ಎಂಬ ವಕೀಲರು ವಾದಿಸಿದರು. 1836ರಲ್ಲಿ ನೊಆಂ ನಿಜವಾಗಿ ಅವಳ ಕೈಸೇರಿತು. ಅವಳು ಬರೆದ ಎಲ್ಲ ಪುಸ್ತಕಗಳಷ್ಟೇ ದೊಡ್ಡದು ಈ ಗೆಲುವು ಎಂದು ನಾನು ನಂಬಿದ್ದೇನೆ.

ಆಮೇಲೆ ಮನೆ ತುಂಬಿತು. ಲಿಸ್ಟ್, ಬಾಲ್ಜಾಕ್, ದೆಲಕ್ರ್ವಾ, ಫ್ಲೊಬೇರ್, ತುರ್ಗೆನೆವ್ ಎಲ್ಲರೂ ಬಂದರು. ಅವಳ ಪ್ರೇಮಿಯಾಗಿದ್ದ ಶೋಪ್ಯಾಂ ಏಳು ಬೇಸಿಗೆಗಳನ್ನು ಇಲ್ಲಿ ಕಳೆದ. ಸದ್ದು ತಡೆಯಲೆಂದು ಅವನ ಕೋಣೆಯ ಬಾಗಿಲಿಗೆ ಮೆತ್ತೆ ಹೊದಿಸಿದ್ದರು. ಇಬ್ಬರೂ ದೂರವಾದ ಮೇಲೆ ಸ್ಯಾಂಡ್ ಆ ಕೋಣೆಯನ್ನು ಎರಡು ಭಾಗ ಮಾಡಿಸಿದಳು. ಮಗ ಮೋರಿಸ್ ಬೊಂಬೆಯಾಟದ ರಂಗ ಕಟ್ಟಿದ; ಬೊಂಬೆಗಳಿಗೆ ಅವಳೇ ಉಡುಪು ಹೊಲಿದಳು. ಇಷ್ಟು ಜನರ ಊಟ, ಆಳುಕಾಳು, ತೋಟದ ವೆಚ್ಚಕ್ಕೆಲ್ಲ ಅವಳ ಲೇಖನಿಯೇ ಮುಖ್ಯ ಆಸರೆ. ಅತಿಥಿಗಳು ಮಲಗಿದ ಮೇಲೆ ಬರೆಯಲು ಕೂತರೆ ಏಳುತ್ತಿದ್ದದ್ದು ನಸುಕಿಗೆ.

1876ರ ಜೂನ್ 8ರಂದು ಅವಳು ಅಲ್ಲೇ ತೀರಿಕೊಂಡಳು. ಮನೆಯ ಪಕ್ಕದ ಕುಟುಂಬದ ಸ್ಮಶಾನದಲ್ಲೇ ಮಣ್ಣಾದಳು. ಕೊನೆಗೆ ಮನೆಯನ್ನು ಉಳಿಸಿದ್ದು ಮತ್ತೊಬ್ಬ ಒರೋರ್, ಅವಳ ಮೊಮ್ಮಗಳು. 1952ರಲ್ಲಿ ಆಕೆ ಅದನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟಳು. ಫ್ರಾನ್ಸಿನ ವಿವಾಹಿತೆ ಗಂಡನ ಒಪ್ಪಿಗೆ ಕೇಳದೆ ತನ್ನ ಸ್ವಂತ ಆಸ್ತಿಯನ್ನು ತಾನೇ ನೋಡಿಕೊಳ್ಳಬಹುದೆಂದು ಕಾನೂನು ಬಂದದ್ದು ಅದಾಗಿ 13 ವರ್ಷದ ಮೇಲೆ, 1965ರಲ್ಲಿ.