ಉಪಶಮನವೂ ಗುಣವೂ

‘ಗುಣ’ ಎಂಬ ಶಬ್ದಕ್ಕೆ ನಾನಾರ್ಥಗಳುಂಟೆಂಬುದನ್ನು ನೀವು ಬಲ್ಲಿರಿ. ಒಳ್ಳೆಯ ನಡತೆಯೂ ಗುಣವೇ, ಬಿಲ್ಲಿನ ಹೆದೆಯೂ ಗುಣವೇ. ಜ್ವರ ಬಿಟ್ಟವನನ್ನು ಕಂಡು ‘ಗುಣವಾಯಿತೆ?’ ಎಂದು ಕೇಳುವುದೂ ಆ ಶಬ್ದದಿಂದಲೇ. ಇವನ್ನೆಲ್ಲ ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕಸುಬು. ಹಾಗಿದ್ದೂ ಆಡಬಾರದ ಕಡೆ ಆ ಶಬ್ದವನ್ನು ಆಡಿ, ಒಂದು ಮಗುವಿನ ಪ್ರಾಣಕ್ಕೆ ಸಂಚಕಾರ ತರುವುದರಲ್ಲಿದ್ದೆ.

ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗ. ತಿಂಗಳುಗಟ್ಟಲೆ ಮೈ ಬೆಚ್ಚಗಿರುತ್ತಿತ್ತು, ಮುಖ ಬಿಳಿಚಿಕೊಂಡಿತ್ತು, ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತಿತ್ತು. ಬೆಂಗಳೂರಿಗೆ ಕರೆದೊಯ್ದರು, ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಕೆಲವು ತಿಂಗಳ ಮೇಲೆ, ಬೋಳುತಲೆಯಲ್ಲಿ ಹೊಸ ಕೂದಲು ಚಿಗುರಿ, ಹುಡುಗ ನಗುನಗುತ್ತ ಶಾಲೆಗೆ ಬಂದ. ನನಗೆ ಹಿಗ್ಗು ತಡೆಯಲಿಲ್ಲ. ‘ಗುಣವಾಗಿ ಬಂದಿದ್ದಾನೆ, ಚಪ್ಪಾಳೆ ತಟ್ಟಿ’ ಎಂದೆ. ವಾರದೊಳಗೆ ಅವನ ತಂದೆ ಬಂದರು.

“ಮೇಷ್ಟ್ರೇ, ಗುಣವಾಗಿದೆ ಅಂತ ನೀವೇ ಹೇಳಿದಿರಂತೆ. ಆಸ್ಪತ್ರೆಯವರು ನೋಡಿದರೆ ಇನ್ನೂ ಎರಡು ವರ್ಷ ಮಾತ್ರೆ, ಸೂಜಿ ಅಂತಾರೆ. ರೋಗ ಕಾಣಿಸ್ತಾ ಇಲ್ಲ ಅಂತ ಅವರೇ ಬರೆದುಕೊಟ್ಟಿದಾರೆ. ಇಲ್ಲದ ರೋಗಕ್ಕೆ ಕೂಲಿ ಕಳಕೊಂಡು ಎಷ್ಟು ಸಲ ಬೆಂಗಳೂರಿಗೆ ಓಡಾಡಲಿ?”

ಪ್ರಶ್ನೆ ನ್ಯಾಯವಾದದ್ದೇ. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ದಿನ ತಾಳಿ ಎಂದು ಅವರನ್ನು ಕಳುಹಿಸಿ, ಬಲ್ಲ ವೈದ್ಯರೊಬ್ಬರಲ್ಲಿಗೆ ಹೋದೆ; ಅವರು ಹೇಳಿದ ಪುಸ್ತಕಗಳನ್ನು ಓದಿದೆ. ಅಲ್ಲಿ ಸಿಕ್ಕ ಉತ್ತರವನ್ನೇ ನಿಮ್ಮ ಮುಂದೆ ಇಡುತ್ತೇನೆ. ಅದು ಒಬ್ಬರಿಗೆ ಒಂದೇ ದಿನ ಹೊಳೆದ ಉತ್ತರವಲ್ಲ. ಅದಕ್ಕಾಗಿ ಒಂದು ತಲೆಮಾರಿನ ವಿಜ್ಞಾನಿಗಳು ದುಡಿದರು, ಸಾವಿರಾರು ಮಕ್ಕಳು ನೊಂದರು.

ಮೊದಲು ರೋಗದ ಸ್ವರೂಪ. ನಮ್ಮ ರಕ್ತದ ಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಂಪುಕಣ ಉಸಿರಿನ ಪ್ರಾಣವಾಯುವನ್ನು ಹೊರುತ್ತದೆ. ಬಿಳಿಕಣ ಹೊರಗಿನಿಂದ ಬರುವ ಸೋಂಕನ್ನು ಎದುರಿಸುತ್ತದೆ. ಕಿರುಬಿಲ್ಲೆಯಂಥ ಇನ್ನೊಂದು ಬಗೆಯ ಕಣ ಗಾಯವಾದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಮಜ್ಜೆಯಲ್ಲಿ ಎಲ್ಲೋ ಒಂದು ಎಳೆಯ ಬಿಳಿಕಣ ದಾರಿ ತಪ್ಪುತ್ತದೆ. ಅದು ಬಲಿಯುವುದಿಲ್ಲ, ತನ್ನ ಕೆಲಸ ಮಾಡುವುದಿಲ್ಲ. ಎರಡಾಗಿ, ನಾಲ್ಕಾಗಿ ಒಡೆಯುತ್ತಲೇ ಹೋಗುತ್ತದೆ. ಪೈರಿನ ನೆಲವನ್ನೆಲ್ಲ ಕಳೆ ಆಕ್ರಮಿಸಿದ ಹಾಗೆ. ಕೆಂಪುಕಣಕ್ಕೆ ಎಡೆಯಿಲ್ಲದೆ ಮಗು ಬಿಳಿಚುತ್ತದೆ; ಬಿಲ್ಲೆಗಳಿಲ್ಲದೆ ವಸಡು ಒಸರುತ್ತದೆ; ನಿಜವಾದ ಬಿಳಿಕಣಗಳಿಲ್ಲದೆ ಜ್ವರ ಬಿಡುವುದಿಲ್ಲ. 1845ರಲ್ಲಿ ಎಡಿನ್‌ಬರೋದ ಬೆನೆಟ್ ಎಂಬವರೂ ಬರ್ಲಿನ್ನಿನ ವಿರ್ಕೋ ಎಂಬವರೂ ಇದನ್ನು ವರ್ಣಿಸಿದರು. ವಿರ್ಕೋ 1847ರಲ್ಲಿ ಕೊಟ್ಟ ಹೆಸರು ಲ್ಯುಕೇಮಿಯಾ. ಗ್ರೀಕ್ ಭಾಷೆಯಲ್ಲಿ ‘ಲ್ಯುಕೋಸ್’ ಎಂದರೆ ಬಿಳಿ, ‘ಹೈಮ’ ಎಂದರೆ ರಕ್ತ. ಅಚ್ಚಗನ್ನಡದಲ್ಲಿ ಬಿಳಿನೆತ್ತರು ಎನ್ನಬಹುದು. ಹೆಸರಿಟ್ಟ ಮೇಲೆ ನೂರು ವರ್ಷಗಳವರೆಗೆ ವೈದ್ಯರು ಈ ರೋಗಕ್ಕೆ ಮಾಡಲು ಸಾಧ್ಯವಾದದ್ದು ಬಲು ಸ್ವಲ್ಪ. ತೀವ್ರ ಬಗೆಯ ಲ್ಯುಕೇಮಿಯಾ ಹಿಡಿದ ಮಗು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು.

ಮದ್ದಿನ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಡ ಬಸುರಿ ಹೆಂಗಸರ ರಕ್ತಹೀನತೆಯನ್ನು ಪರೀಕ್ಷಿಸಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಆ ಸಾರದಲ್ಲಿದ್ದ ಸತ್ತ್ವವೇ ಮುಂದೆ, 1941ರಲ್ಲಿ, ಅಮೆರಿಕದಲ್ಲಿ ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ತೆಗೆಯಲ್ಪಟ್ಟು ಫೋಲಿಕ್ ಆಮ್ಲ ಎನಿಸಿಕೊಂಡಿತು. ‘ಫೋಲಿಯಂ’ ಎಂದರೆ ಲ್ಯಾಟಿನ್ನಿನಲ್ಲಿ ಎಲೆ. ರಕ್ತಕಣಗಳು ಒಡೆದು ಬೆಳೆಯಲು ಈ ಎಲೆಯ ಸತ್ತ್ವ ಬೇಕೇ ಬೇಕು.

ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ ತಂಡದ ಮುಖಂಡರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಕಲಿತು, 1923ರಲ್ಲಿ ಬಾಸ್ಟನ್ನಿಗೆ ಹೋದವರು. ಅವರ ಸೋದರರೊಬ್ಬರು ಗ್ರಹಣಿ ರೋಗದಿಂದ ತೀರಿಕೊಂಡಿದ್ದರು. ಅದೇ ರೋಗಕ್ಕೆ ಮದ್ದಾದ ಫೋಲಿಕ್ ಆಮ್ಲವನ್ನು ಅವರ ಲೆಡರ್ಲೆ ಪ್ರಯೋಗಾಲಯ ಸಿದ್ಧಪಡಿಸಿತೆಂಬುದನ್ನು ದೈವಯೋಗ ಎನ್ನೋಣವೆ? ಇರಲಿ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರ್ ಈ ಬಗೆಯ ಸತ್ತ್ವವನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು ನೋಡಿದಾಗ ರೋಗ ಇಳಿಯುವುದಿರಲಿ, ಇನ್ನೂ ಬಿರುಸಾದಂತೆ ತೋರಿತು. ಆಗ ಅವರ ಬುದ್ಧಿ ತಿರುಗುಮುರುಗಾಗಿ ಓಡಿತು. ಅನ್ನವಿಟ್ಟರೆ ಕಳೆ ಕೊಬ್ಬುವುದಾದರೆ, ಅನ್ನ ತಪ್ಪಿಸಿದರೆ ಸಾಯಬೇಕಷ್ಟೆ? ಫೋಲಿಕ್ ಆಮ್ಲದ ಹಾಗೆಯೇ ಕಾಣುವ, ಆದರೆ ಪೋಷಿಸದ ಹುಸಿ ಅನ್ನವನ್ನು ಸುಬ್ಬರಾವ್ ಅವರ ತಂಡ ಮಾಡಿಕೊಟ್ಟಿತು. ಅದೇ ಅಮಿನಾಪ್ಟೆರಿನ್. ಬಹಳವಾಗಿ ಕಂಗೆಟ್ಟಿದ್ದ 16 ಮಕ್ಕಳಿಗೆ ಅದನ್ನು ಕೊಟ್ಟರು. 10 ಮಕ್ಕಳಲ್ಲಿ ರೋಗ ತಗ್ಗಿತು. ಹಾಸಿಗೆ ಹಿಡಿದಿದ್ದವರು ಎದ್ದು ಆಡಿದರು. 1948ರ ಜೂನ್ ತಿಂಗಳಲ್ಲಿ ಈ ವರದಿ ಅಚ್ಚಾಯಿತು. ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್, 53ನೆಯ ವಯಸ್ಸಿನಲ್ಲಿ, ಮಲಗಿದ್ದಲ್ಲಿಯೇ ತೀರಿಕೊಂಡರು.

ಆದರೆ ಆ ಸಂತೋಷ ಕೆಲವೇ ತಿಂಗಳದು. ಎದ್ದು ಆಡಿದ ಮಕ್ಕಳಲ್ಲಿ ರೋಗ ಮರಳಿ ಬಂತು. ಎರಡನೆಯ ಸಲ ಮದ್ದು ಹಿಡಿಯಲಿಲ್ಲ. ಮರ್ಕ್ಯಾಪ್ಟೊಪ್ಯೂರಿನ್ ಎಂಬ ಇನ್ನೊಂದು ಮದ್ದು 1953ರಲ್ಲಿ ಬಳಕೆಗೆ ಬಂತು. ಆಗಲೂ ಹಾಗೆಯೇ ಆಯಿತು. ಕಾಣದಂತಾದ ರೋಗ ಎಲ್ಲಿತ್ತು? ಹುಡುಗನ ತಂದೆ ಕೇಳಿದ ಪ್ರಶ್ನೆಯೂ ಇದೇ ಅಲ್ಲವೆ?

ಇದಕ್ಕೆ ಉತ್ತರ ದೊರೆತದ್ದು ಇಲಿಗಳಿಂದ ಮತ್ತು ಶಾಲೆಯ ಲೆಕ್ಕದಿಂದ. ಅಮೆರಿಕದ ಅಲಬಾಮಾದಲ್ಲಿ ಹೊವರ್ಡ್ ಸ್ಕಿಪ್ಪರ್ ಎಂಬ ವಿಜ್ಞಾನಿ ಲ್ಯುಕೇಮಿಯಾ ತಗಲಿದ ಇಲಿಗಳಿಗೆ ಮದ್ದು ಕೊಟ್ಟು ಎಣಿಕೆ ಹಾಕಿದರು. ಅವರು 1960ರ ದಶಕದಲ್ಲಿ ಪ್ರಕಟಿಸಿದ ಎರಡು ಮಾತು ಮುಖ್ಯ. ಒಂದೇ ಒಂದು ಕೆಟ್ಟ ಕಣ ಉಳಿದರೂ ಅದು ಬೆಳೆದು ಇಲಿಯನ್ನು ಕೊಲ್ಲಬಲ್ಲದು. ಮತ್ತು ಮದ್ದಿನ ಒಂದೊಂದು ವರಸೆಯೂ ಇಂತಿಷ್ಟು ಕಣಗಳನ್ನಲ್ಲ, ಇದ್ದುದರಲ್ಲಿ ಇಂತಿಷ್ಟು ಪಾಲನ್ನು ಕೊಲ್ಲುತ್ತದೆ. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ರೋಗ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕಣಗಳಿರುತ್ತವೆ ಎನ್ನುತ್ತಾರೆ. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತನ್ನು ಕೊಂದೆವು ಎನ್ನಿ. ಉಳಿದವು ನೂರು ಕೋಟಿ! ಸೂಕ್ಷ್ಮದರ್ಶಕದಲ್ಲಿ ಮಜ್ಜೆಯನ್ನು ನೋಡಿದರೆ ಒಳ್ಳೆಯ ಕಣಗಳ ಜಾತ್ರೆಯಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಮಗುವಿಗೆ ಹಸಿವಾಗುತ್ತದೆ, ಕೂದಲು ಬರುತ್ತದೆ, ಮೇಷ್ಟರು ಚಪ್ಪಾಳೆ ಹೊಡೆಸುತ್ತಾರೆ. ಈ ಸ್ಥಿತಿಗೆ ವೈದ್ಯರು ಹೇಳುವ ಮಾತು ಉಪಶಮನ. ಅದು ಗುಣವಲ್ಲ. ಬೂದಿ ಮುಚ್ಚಿದ ಕೆಂಡವೆಂದು ನಾವು ಹೇಳುವುದಿಲ್ಲವೆ, ಹಾಗೆ.

ಕಾಣದ ರೋಗಕ್ಕೂ ಮದ್ದು ಕೊಡಬೇಕೆಂದು ಇದಕ್ಕೆ ಮೊದಲೇ, 1950ರ ದಶಕದಲ್ಲಿ, ಮಿನ್ ಚಿಯು ಲೀ ಎಂಬ ಚೀನೀ ವೈದ್ಯರು ತೋರಿಸಿದ್ದರು. ಅವರ ರೋಗಿಗಳದು ಗರ್ಭಕ್ಕೆ ಸಂಬಂಧಿಸಿದ ಬೇರೊಂದು ಕ್ಯಾನ್ಸರ್. ಮದ್ದು ಮಾತ್ರ ಅಮಿನಾಪ್ಟೆರಿನ್ನಿನ ತಂಗಿ ಮೆಥೊಟ್ರೆಕ್ಸೇಟ್. ಗಡ್ಡೆ ಕರಗಿದ ಮೇಲೂ ರಕ್ತದಲ್ಲಿ ರೋಗದ ಸುಳಿವು ಅಳಿಯುವ ತನಕ ಮದ್ದನ್ನು ಮುಂದುವರಿಸಿದರು. ರೋಗವಿಲ್ಲದವರಿಗೆ ವಿಷ ಕೊಡುತ್ತಾನೆಂದು ದೂರು ಬಂದು ಅವರು ಕೆಲಸವನ್ನೇ ಬಿಡಬೇಕಾಯಿತು. ಅವರ ರೋಗಿಗಳು ಬದುಕಿದರು.

ಮುಂದಿನ ಹೆಜ್ಜೆ, ಒಂದೊಂದೇ ಮದ್ದನ್ನು ಸರದಿಯಂತೆ ಕೊಡುವುದರ ಬದಲು ನಾಲ್ಕನ್ನು ಒಟ್ಟಿಗೆ ಕೊಡುವುದು. 1960ರ ದಶಕದ ಮೊದಲಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಫ್ರೈ ಮತ್ತು ಫ್ರೈರೈಕ್ ಎಂಬಿಬ್ಬರು ಈ ಸಾಹಸಕ್ಕೆ ಕೈಹಾಕಿದರು. ನಾಲ್ಕರಲ್ಲಿ ಒಂದು ನಮ್ಮ ಹಿತ್ತಿಲ ನೆಂಟ. ಕಾಶಿಕಣಗಿಲೆ, ನಿತ್ಯಪುಷ್ಪ ಎಂದೆಲ್ಲ ಕರೆಯುತ್ತೇವಲ್ಲ, ವರ್ಷವಿಡೀ ನೇರಿಳೆ ಬಿಳಿ ಹೂ ಬಿಡುವ ಆ ಮಡಗಾಸ್ಕರಿನ ಗಿಡ. ಸಕ್ಕರೆ ಕಾಯಿಲೆಗೆ ಮದ್ದೆಂಬ ನಂಬಿಕೆಯಿಂದ ಕೆನಡಾದಲ್ಲಿ ಅದರ ಎಲೆಯನ್ನು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಪ್ರಾಣಿಗಳ ಬಿಳಿಕಣಗಳು ಇಳಿದವು! ಆ ಗಿಡದಿಂದ ಬಂದದ್ದೇ ವಿಂಕ್ರಿಸ್ಟೀನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದನ್ನು ಕೇಳಿ ಯಾರೂ ಹಿತ್ತಿಲಿಗೆ ಹೋಗಿ ಎಲೆ ಅರೆಯಬೇಡಿ. ರಾಶಿ ಎಲೆಯಿಂದ ಚಿಟಿಕೆಯಷ್ಟು ಬರುವ ವಿಷ ಅದು. ಅಳತೆ ತಪ್ಪಿದರೆ ನರಗಳನ್ನೇ ಕೆಡಿಸುತ್ತದೆ.

ನಾಲ್ಕು ಮದ್ದಿಗೆ ಮಜ್ಜೆ ಶುದ್ಧವಾಯಿತು. ಆದರೆ ಕೆಲವು ಮಕ್ಕಳಿಗೆ ತಲೆನೋವು, ವಾಂತಿ ಆರಂಭವಾಯಿತು. ರಕ್ತದಲ್ಲಿನ ಬಹುತೇಕ ವಸ್ತುಗಳನ್ನು ಮಿದುಳಿಗೆ ಹೋಗದಂತೆ ತಡೆಯುವ ಒಂದು ಬೇಲಿಯನ್ನು ಪ್ರಕೃತಿ ಇಟ್ಟಿದೆ. ಮದ್ದು ದಾಟಲಾರದ ಆ ಬೇಲಿಯ ಆಚೆ ಕೆಟ್ಟ ಕಣಗಳು ಅಡಗಿ ಕುಳಿತಿದ್ದವು. 1962ರಲ್ಲಿ ಮೆಂಫಿಸ್ ನಗರದಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮದ್ದನ್ನು ಬೆನ್ನುಹುರಿಯ ದ್ರವಕ್ಕೇ ಸೂಜಿಯಿಂದ ಹಾಕಿಸಿದರು, ತಲೆಗೆ ವಿಕಿರಣ ಕೊಟ್ಟರು, ಆಮೇಲೆ ಎರಡು ಮೂರು ವರ್ಷ ಮಾತ್ರೆ ನಡೆಸಿದರು. ಆ ದಶಕ ಮುಗಿಯುವ ಹೊತ್ತಿಗೆ ಅವರ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರೋಗ ಮರಳಲಿಲ್ಲ. ಅದನ್ನು ಗುಣವೆನ್ನಬಹುದು. ವಿಕಿರಣದಿಂದ ಮಕ್ಕಳ ಬುದ್ಧಿಗೂ ಬೆಳವಣಿಗೆಗೂ ಕೇಡೆಂದು ತಿಳಿದ ಮೇಲೆ ಈಗ ಬಹುಪಾಲು ಮಕ್ಕಳಿಗೆ ಬೆನ್ನಿನ ಸೂಜಿಯಷ್ಟೇ ಸಾಕಾಗಿದೆ. ಚಿಕಿತ್ಸೆ ಪೂರ್ತಿಯಾಗಿ ದೊರೆಯುವ ಸಿರಿವಂತ ದೇಶಗಳಲ್ಲಿ ಇಂದು ಈ ಬಗೆಯ ಲ್ಯುಕೇಮಿಯಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ.

ರಕ್ತದ ಕ್ಯಾನ್ಸರುಗಳೆಲ್ಲ ಒಂದೇ ಅಲ್ಲ. ದೊಡ್ಡವರಿಗೆ ಬರುವ ಕೆಲವು ಇನ್ನೂ ಬಗ್ಗಿಲ್ಲ. ಒಂದು ದೀರ್ಘಕಾಲದ ಬಗೆಗೆ 2001ರಿಂದ ಇಮ್ಯಾಟಿನಿಬ್ ಎಂಬ ಮಾತ್ರೆ ಇದೆ. ರೋಗಿಯ ಬಿಳಿಕಣಗಳನ್ನೇ ಹೊರತೆಗೆದು, ತರಬೇತು ಕೊಟ್ಟು, ಮರಳಿ ಮೈಗೆ ಬಿಡುವ ಚಿಕಿತ್ಸೆಯನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ನಮ್ಮಲ್ಲಿಯೇ ರೂಪಿಸಿ, 2023ರಲ್ಲಿ ಒಪ್ಪಿಗೆ ಪಡೆದರು. ಹತ್ತು ಸಾವಿರಕ್ಕೆ ಒಂದು ಕೆಟ್ಟ ಕಣವಿದ್ದರೂ ಹಿಡಿದು ತೋರಿಸುವ ಪರೀಕ್ಷೆಗಳೂ ಬಂದಿವೆ. ಹುಡುಗನ ತಂದೆಗೆ ಬೇಕಾಗಿದ್ದುದು ಮಾತ್ರ ಇವಾವುವೂ ಅಲ್ಲ. ಬಸ್ಸಿನ ಖರ್ಚು, ಕಳೆದುಹೋಗುವ ದಿನದ ಕೂಲಿ, ಬೆಂಗಳೂರಿನಲ್ಲಿ ರಾತ್ರಿ ತಂಗಲು ಒಂದು ಜಾಗ. ಇಷ್ಟಿಲ್ಲದೆ ನಡುವೆಯೇ ಚಿಕಿತ್ಸೆ ಬಿಟ್ಟು ಮಕ್ಕಳನ್ನು ಕಳೆದುಕೊಳ್ಳುವ ಮನೆಗಳು ನಮ್ಮ ದೇಶದಲ್ಲಿವೆ.

ನಾಲ್ಕು ದಿನದ ಮೇಲೆ ಅವರು ಬಂದರು. ಕರಿಹಲಗೆಯ ಮೇಲೆ ಒಂದು ಲಕ್ಷ ಕೋಟಿಯ ಸೊನ್ನೆಗಳನ್ನು ಬರೆದು, ಮೂರು ಸೊನ್ನೆಗಳನ್ನು ಅಳಿಸಿ ತೋರಿಸಿದೆ. ಓದು ಬಾರದ ಆ ಮನುಷ್ಯ ಉಳಿದ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದರು. “ಇಷ್ಟೂ ಅಳಿಸೋ ತನಕ ಅನ್ನಿ” ಎಂದರು. ಸಂಬಳದ ದಿನ ಶಾಲೆಯ ಉಪಾಧ್ಯಾಯರು ಒಂದು ಡಬ್ಬಿ ಇಡುವುದಾಯಿತು. ಅದರಿಂದ ಬಸ್ಸಿನ ಖರ್ಚು ನಡೆಯುತ್ತಿದೆ. ಹುಡುಗ ಈಗ ಹತ್ತನೆಯ ತರಗತಿ. ಮಾತ್ರೆ ಮುಗಿಯಲು ಇನ್ನು ಐದು ತಿಂಗಳಿವೆ.